ಕ್ಯಾತಣ್ಣನ ಟ್ರಕ್ಕು ಮರಳು ದಾಟಿದ್ದು

ಗೌಡಗೆರೆ ಕಡೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಕ್ಯಾತಣ್ಣನಿಗೆ ಕುರಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಅವುಗಳ ವೇಗ ಮಾತ್ರ ಅವನಿಗೆ ಸಾಲುತ್ತಿರಲಿಲ್ಲ. ಲಾರಿ ಕ್ಲೀನರಾಗಿ ಊರು ಬಿಟ್ಟವನು, ಮಧುಗಿರಿಯ ವ್ಯಾಪಾರಿ ಶಂಕರಲಿಂಗಪ್ಪನವರು ಮಿಲಿಟರಿ ಹರಾಜಿನಲ್ಲಿ ಹಳೆಯ ಟ್ರಕ್ಕೊಂದನ್ನು ಕೊಂಡಾಗ ಅದರ ಡ್ರೈವರಾದ. ನಾಲ್ಕೂ ಚಕ್ರಗಳಿಂದ ಎಳೆಯಬಲ್ಲ ಗಾಡಿ ಅದು. ಕೊಂಡ ಹೊಸತರಲ್ಲಿ ಜಯಮಂಗಲಿ ಹೊಳೆಯ ಮರಳನ್ನು ಲೀಲಾಜಾಲವಾಗಿ ದಾಟಿತ್ತು. ಆಮೇಲೆ ಎರಡು ವರ್ಷ ಬರೀ ಟಾರು ರಸ್ತೆ.

೧೯೭೯ರ ಬೇಸಿಗೆಯಲ್ಲಿ ಕೊಡಿಗೇನಹಳ್ಳಿಯ ಬಳಿ ಅದೇ ಹೊಳೆಯಲ್ಲಿ ಟ್ರಕ್ಕು ಹೂತು, ಎತ್ತು ಕಟ್ಟಿ ಎಳೆಸಬೇಕಾಯಿತು. ಮರುವಾರ ಶಂಕರಲಿಂಗಪ್ಪನವರು ಶಿರಾದ ಗುಜರಿ ವ್ಯಾಪಾರಿ ಖಾದರ್ ಸಾಹೇಬರನ್ನು ಜೊತೆಗೇ ಹೊಳೆಗೆ ಕರೆತಂದರು.

"ಪೈಪಿನ ಲೋಡು ಇವತ್ತು ದಾಟಿದ್ರೆ ಗಾಡಿ ಇರ್ತದೆ. ಇಲ್ದಿದ್ರೆ ಸಾಹೇಬ್ರಿಗೆ ಕೊಟ್ಬುಡ್ತೀನಿ ಕಣ್ಲಾ."

ಕ್ಯಾತಣ್ಣ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಕೊಡುವ ಎರಡನೆಯ ಲಿವರನ್ನು ಹಿಂದಕ್ಕೆಳೆದು ಟ್ರಕ್ಕನ್ನು ಮರಳಿಗಿಳಿಸಿದ. ಸ್ವಲ್ಪ ದೂರಕ್ಕೇ ಹಿಂದಿನ ಚಕ್ರಗಳು ಗುಂಡಿ ತೋಡತೊಡಗಿದವು. ಮುಂದಿನವು ಕದಲಲಿಲ್ಲ.

ಖಾದರ್ ಸುತ್ತಿಗೆ ಹಿಡಿದು ನಗುತ್ತ ಹತ್ತಿರ ಬಂದರು. "ಅರೆ, ಮುಂದಿನ ಕಾಲು ನಿದ್ದೆ ಮಾಡ್ತಾ ಅದೆ! ಇಲ್ಲೇ ಬಿಚ್ಚಿಸ್ಲಾ?"

"ಸುತ್ತಿಗೆ ಒಳಗಿಡಿ ಸಾಬ್ರೆ. ಮೇಲ್ ಕುಂತು, ನಾನ್ ಹೇಳ್ದಾಗ ಲಿವರ್ ಎಳೀರಿ."

ಎಂಜಿನ್ ನಿಲ್ಲಿಸಿ ಕ್ಯಾತಣ್ಣ ಗಾಡಿಯಡಿ ನುಸುಳಿದ. ಲಿವರಿನಿಂದ ಗೇರುಪೆಟ್ಟಿಗೆಗೆ ಹೋಗುವ ಸರಳಿನ ಪಿನ್ನು ಕಿತ್ತ. ಸರಳನ್ನು ಅಲುಗಿಸಿ ಅಲುಗಿಸಿ ಕೈಯಿಂದಲೇ ನೂಕಿದ. ಕಟಕ್! ಒಳಗೆ ಹಲ್ಲಿಗೆ ಹಲ್ಲು ಕೂತಿತು. ಪೆಟ್ಟಿಗೆ ಕೆಟ್ಟಿಲ್ಲ!

"ಈಗ ಎಳೀರಿ!"

"ಎಳ್ದೆ. ಅರ್ಧಕ್ಕೇ ನಿಂತದೆ."

"ಕೆಳಗೇನೂ ಕಟ್ಟೇ ಇಲ್ವಲ್ರೀ! ಯಾವನು ಹಿಡ್ಕಂಡವ್ನೆ ಅದ್ನ?"

ಕೆಳಗಿನ ಯಾವುದೂ ಹಿಡಿಯದ ಮೇಲೆ ಹಿಡಿದದ್ದು ಮೇಲೇ ಇರಬೇಕು. ತಲೆ ಚಾಸಿಗೆ ಬಡಿದದ್ದನ್ನೂ ಲೆಕ್ಕಿಸದೆ ಕ್ಯಾತಣ್ಣ ಹೊರಬಂದು ಒಳಗೆ ಇಣುಕಿದ. ಲಿವರಿನ ಹಿಂದೆ ಅವನದೇ ಕಂಬಳಿ. ಕಾದ ತಗಡು ಪಾದ ಸುಡುತ್ತದೆಂದು ಹೋದ ವರ್ಷ ನಾಲ್ಕು ಮಡಿಕೆ ಮಾಡಿ ತುರುಕಿದ್ದ. ಲಿವರು ಅದಕ್ಕೊರಗಿ, ಬೀಳಬೇಕಾದಲ್ಲಿಗೆ ಒಂದು ಬೆರಳು ಮೊದಲೇ ನಿಲ್ಲುತ್ತಿತ್ತು.

"ಥೂ, ನನ್ ಕಂಬ್ಳೀನೇ ನನ್ ಕುತ್ಗೆ ಕುಯ್ತಿತ್ತಲ್ಲೋ!"

ಅದನ್ನೆಳೆದು ಮರಳಿಗೆಸೆದ. ಮತ್ತೆ ಅಡಿಗೆ ನುಸುಳಿ ಸರಳಿಗೆ ಪಿನ್ನು ಹಾಕಿದ. ಹಿಂದಿನ ಚಕ್ರಗಳ ಮುಂದಿನ ಮರಳನ್ನು ಕೈಯಿಂದಲೇ ಬಾಚಿ ತೆಗೆದು, ಹತ್ತಿ ಕೂತು, ಎಂಜಿನ್ ಚಾಲೂ ಮಾಡಿ ಲಿವರೆಳೆದ. ಈ ಸಲ ಅದು ಕಟಕ್ಕೆಂದು ಕೂತಿತು. ಮುಂದಿನ ಚಕ್ರಗಳು ನೆಲ ಕಚ್ಚಿದವು.

"ತಡಿಯೋ, ಇಳೀತೀನಿ!" ಎಂದರು ಖಾದರ್.

"ಈಗ ನಿಲ್ಸಿದ್ರೆ ಮುಗೀತು ಸಾಬ್ರೆ, ಗಟ್ಯಾಗ್ ಹಿಡ್ಕಳಿ!"

ಪೈಪುಗಳು ಗಣಗಣ ಬಡಿದುಕೊಳ್ಳುತ್ತ, ಟ್ರಕ್ಕು ಮರಳು ಸೀಳಿ ಆಚೆ ದಡವೇರಿತು. ಕ್ಯಾತಣ್ಣ ಹಾರನ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಈಚೆ ದಡದಲ್ಲೇ ಉಳಿದ ಶಂಕರಲಿಂಗಪ್ಪನವರು ಚಪ್ಪಲಿ ಕೈಲಿ ಹಿಡಿದು, ಸುಡುವ ಮರಳಲ್ಲಿ ಕುಣಿಯುತ್ತ ದಾಟಿ ಬಂದರು. ಮುಂದಿನ ಚಕ್ರಗಳನ್ನೊಮ್ಮೆ ಸುತ್ತಿ ನೋಡಿದರು.

"ಸಾಹೇಬ್ರೇ, ನಿಮ್ನ ಶಿರಾ ಬಸ್ಸು ಹತ್ತಿಸ್ಬುಡ್ತೀವಿ," ಎಂದರು.

"ಬಸ್ಸ್ಯಾಕೆ?" ಖಾದರ್ ಸೀಟು ಬಿಡಲಿಲ್ಲ. "ಇದ್ರಲ್ಲೇ ಬರ್ತೀನಿ."