ಪೂಜೆಗೆ ಕೂರದ ಪೆಟ್ಟಿಗೆ

ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿಯವನನ್ನು ಕರೆಯುವುದು ನನಗೆ ಅವಮಾನ. ಖರಾಡಿ ಬಡಾವಣೆಯ ಕಚೇರಿಯಲ್ಲಿ ದಿನವಿಡೀ ಕುರ್ಚಿ ಬಿಸಿ ಮಾಡುವ ನಾನು, ಮನೆಗೆ ಬಂದ ಕೂಡಲೇ ದೊಡ್ಡ ಮಿಸ್ತ್ರಿಯಾಗಿಬಿಡುತ್ತೇನೆ. ಅದಕ್ಕೆ ತಕ್ಕ ಉಪಕರಣಗಳ ಪೆಟ್ಟಿಗೆಯೂ ಇತ್ತು. ಮೊಬೈಲಿನಲ್ಲಿ ನೋಡಿ, ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ್ದು. ಮುಚ್ಚಳ ತೆರೆದರೆ ನಟ್ಟು ತಿರುಗಿಸುವ ಪಾನಾಗಳು, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಮಲಗಿ ಮಿರಮಿರ ಮಿಂಚುತ್ತಿದ್ದವು. ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. ಚಾಕಣದ ಕಾರ್ಖಾನೆಯಲ್ಲಿರುವ ನನ್ನ ಹೆಂಡತಿಯ ಅಣ್ಣ ಒಮ್ಮೆ ಒಂದು ಪಾನಾವನ್ನು ಕೈಯಲ್ಲಿ ತೂಗಿ ನೋಡಿ, ಇದ್ದಲ್ಲೇ ಇಟ್ಟು, ಚಹಾ ಕುಡಿದು ಹೋದ. ಹೊಟ್ಟೆಕಿಚ್ಚು ಎಂದುಕೊಂಡೆ.

ಹೆಂಡತಿಗೂ ಆ ಪೆಟ್ಟಿಗೆಯ ಮೇಲೆ ನಂಬಿಕೆ ಇರಲಿಲ್ಲ. ಕ್ಯಾಂಪ್ ಪೇಟೆಯ ಹಳೆಯ ಅಂಗಡಿಗೆ ಹೋಗಿ, ಮರಾಠಿಯಲ್ಲಿ ಅಂಗಡಿಯವನ ತಲೆ ತಿಂದು, ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಒಂದೇ ಒಂದು ಪಾನಾ ತಂದಳು. ಕಪ್ಪಗೆ, ಭಾರವಾಗಿ, ನೋಡಲು ಏನೇನೂ ಚಂದವಿಲ್ಲದ್ದು. ನನ್ನ ಇಡೀ ಪೆಟ್ಟಿಗೆಗಿಂತ ಅದೊಂದಕ್ಕೇ ಬೆಲೆ ಹೆಚ್ಚು. ನಾನು ನಕ್ಕೆ. ಅವಳು ಅದರಿಂದ ಅಡುಗೆಮನೆಯ ನಲ್ಲಿಯನ್ನೂ ಅವ್ವನ ಮಂಚದ ಬೋಲ್ಟುಗಳನ್ನೂ ಬಿಗಿ ಮಾಡಿ, ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟಳು. ಹಟಕ್ಕೆ ಬಿದ್ದು ನಾನು ಅದನ್ನು ಮುಟ್ಟಲೇ ಇಲ್ಲ.

ಅವ್ವನಿಗೆ ಮೊಣಕಾಲಿನ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ಗೋಡೆ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಳು. ಬಚ್ಚಲಿಗೆ ಮಾತ್ರ ಸೊಸೆ ಕೈ ಹಿಡಿದು ಕರೆದೊಯ್ಯಬೇಕು, ಒಳಗೂ ಜೊತೆಗಿರಬೇಕು. ಧಾರವಾಡದಲ್ಲಿ ತುಂಬಿದ ಮನೆಯನ್ನು ಬೆರಳ ತುದಿಯಲ್ಲಿ ಆಡಿಸಿದ ಹೆಂಗಸು, ಬಚ್ಚಲಿಗೆ ಹೋಗಬೇಕೆಂದರೆ ತಲೆ ತಗ್ಗಿಸುತ್ತಿದ್ದಳು. ಸೊಸೆಯನ್ನು ಕರೆಯುವುದು ತಪ್ಪಲಿ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಅದು ಗೊತ್ತಾದಾಗ ನನಗೆ ಭಾರಿ ಸಂಕಟವಾಯಿತು. ಗೋಡೆಗೆ ಹಿಡಿದುಕೊಳ್ಳುವ ಸರಳು ಹಾಕಿಸಿದರೆ ಒಬ್ಬರೇ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಹಾಕಿಸುವುದೇಕೆ, ನಾನೇ ಹಾಕುತ್ತೇನೆ ಎಂದೆ. ಪಕ್ಕದ ಮನೆಯವರ ಡ್ರಿಲ್ಲು ತಂದು ಗೋಡೆಗೆ ತೂತು ಕೊರೆದು, ಬೋಲ್ಟುಗಳನ್ನೂ ಕೂರಿಸಿದೆ. ನಟ್ಟು ಬಿಗಿ ಮಾಡುವುದೊಂದೇ ಉಳಿಯಿತು.

ಅಷ್ಟರಲ್ಲಿ ಖಂಡೇನವಮಿ ಬಂತು. ದಸರೆಯ ಹಿಂದಿನ ಆ ದಿನ ನಮ್ಮಲ್ಲಿ ಮನೆಯ ಆಯುಧಗಳಿಗೆಲ್ಲ ಪೂಜೆ. ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಎತ್ತುವಂತಿಲ್ಲ. ಈಳಿಗೆಯನ್ನೂ ಇಡುವುದರಿಂದ ಅಂದು ತರಕಾರಿ ಕೂಡ ಹೆಚ್ಚುವುದಿಲ್ಲ. ಇದರಲ್ಲಿ ಅವ್ವ ಯಾರ ಮಾತನ್ನೂ ಕೇಳಿದವಳಲ್ಲ. ಮೇಜಿನ ಮೇಲೆ ಈಳಿಗೆ, ಕತ್ತರಿ, ಸೊಸೆಯ ಪಾನಾ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದಳು. ನಾನು ನನ್ನ ಪೆಟ್ಟಿಗೆಯನ್ನು ಹೊತ್ತು ತಂದೆ.

"ಅದು ಇನ್ನೂ ಏನ್ ದುಡದದ ಅಂತ ಪೂಜಿ ಮಾಡ್ಲಿ?" ಎಂದಳು ಅವ್ವ.

ಮೈಯೆಲ್ಲ ಉರಿಯಿತು. ಪೂಜೆಗೆ ಕೂರದ ಪೆಟ್ಟಿಗೆಗೆ ರಜೆಯೂ ಇಲ್ಲವಲ್ಲ, ಇವತ್ತೇ ದುಡಿಸಿ ತೋರಿಸುತ್ತೇನೆ ಎಂದು ನೇರ ಬಚ್ಚಲಿಗೆ ನುಗ್ಗಿದೆ. ಮಿಂಚುವ ಪಾನಾ ಹಾಕಿ ತಿರುಗಿಸಿದೆ. ಕೈಗೆ ಗಟ್ಟಿ ಅನ್ನಿಸಿತು. ಎರಡು ಬೆರಳಿನಿಂದ ಸರಳನ್ನು ತಟ್ಟಿ ನೋಡಿ, ಸಾಕ್ಷಾತ್ ವಿಶ್ವಕರ್ಮನ ಹಾಗೆ ಹೊರಗೆ ಬಂದು ಅವ್ವನನ್ನು ಕರೆದೆ.

ಅವ್ವ ಬಾಗಿಲಲ್ಲೇ ನಿಂತಳು. "ಮೊದಲ ನೀ ಜೋತು ಬೀಳು. ಆಮ್ಯಾಲೆ ನಾ ಹಿಡೀತೀನಿ."

ಜೋತು ಬಿದ್ದೆ. ಸರಳು ಗರಕ್ಕನೆ ಕೆಳಗೆ ತಿರುಗಿತು. ನಾನು ಬಕೆಟ್ಟಿನ ಮೇಲೆ ಕುಳಿತೆ, ಬಕೆಟ್ಟು ಒಡೆಯಿತು. ಅದನ್ನೂ ಅಗ್ಗಕ್ಕೆ ಸಿಕ್ಕಿತೆಂದು ನಾನೇ ತಂದಿದ್ದೆ. ಒದ್ದೆ ನೆಲದ ಮೇಲೆ ಕೂತು ಪಾನಾ ನೋಡಿದರೆ ಅದರ ಬಾಯಿ ಅಗಲವಾಗಿ, ನಟ್ಟಿನ ಸುತ್ತ ಸುಮ್ಮನೆ ಜಾರಿತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನನಗೆ ನಗು ಬರಲಿಲ್ಲ. ಇಲ್ಲಿ ಅವ್ವ ಬಿದ್ದಿದ್ದರೆ ಎಂದು ನೆನೆದು ಆ ಪಾನಾವನ್ನು ಮೂಲೆಗೆ ಎಸೆದೆ.

ನಾಳೆ ಪೂಜೆಯಿಂದ ಕಪ್ಪು ಪಾನಾ ಎತ್ತಿದ ಮೇಲೆ ಮಾಡುತ್ತೇನೆ ಎಂದು, ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಹೇಳಿದೆ. ಅವ್ವ ಹಿಂದಕ್ಕೆ ತಿರುಗಿದಳು. ಗೋಡೆ ಹಿಡಿದು ಮೆಲ್ಲಗೆ ಮೇಜಿನತ್ತ ಹೋದಳು. ಹೂವು ಸರಿಸಿ, ಪಾನಾವನ್ನು ಕಣ್ಣಿಗೆ ಒತ್ತಿಕೊಂಡು, ತಂದು ನನ್ನ ಕೈಗಿಟ್ಟಳು.

"ದೇವರಿಗೆ ನಾ ಹೇಳ್ಕೋತೀನಿ. ನೀ ಬಿಗಿ ಮಾಡು."

ಜ್ವರದಲ್ಲೂ ಈ ನೇಮ ಮುರಿಯದವಳು. ಒಂದು ದಿನ ಕಾಯುವುದು ಕೂಡ ಅವಳಿಗೆ ಇಷ್ಟು ಕಷ್ಟವಾಗಿದೆ ಎಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಅಂಚು ಸವೆದ ನಟ್ಟುಗಳನ್ನು ಕಪ್ಪು ಪಾನಾ ಗಬಕ್ಕನೆ ಕಚ್ಚಿತು. ಕುಂಕುಮ ನನ್ನ ಕೈಗೆಲ್ಲ ಅಂಟಿತು. ಮೊದಲು ನಾನು ಜೋತು ಬಿದ್ದೆ, ಆಮೇಲೆ ಹೆಂಡತಿಯೂ ಎಳೆದು ನೋಡಿದಳು. ಸರಳು ಕದಲಲಿಲ್ಲ. ನಾವು ಹೊರಗೆ ಬಂದೆವು, ಅವ್ವ ಸರಳು ಹಿಡಿದು ಒಳಗೆ ಹೋದಳು. ಹೆಂಡತಿ ರೂಢಿಯಂತೆ ಕೈ ಚಾಚಿಕೊಂಡು ಹಿಂದೆಯೇ ಹೊರಟಿದ್ದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಆಪರೇಷನ್ ಆದಮೇಲೆ ಆ ಚಿಲಕ ಬಿದ್ದದ್ದು ಅದೇ ಮೊದಲು.

ನಾವಿಬ್ಬರೂ ಅಲ್ಲೇ ನಿಂತಿದ್ದೆವು.

"ಅಲ್ಲೇ ಯಾಕ ನಿಂತೀರಿ ಇಬ್ಬರೂ? ಹೋಗ್ರಿ," ಎಂದಳು ಅವ್ವ ಒಳಗಿನಿಂದ, ತನ್ನ ಹಳೆಯ ದನಿಯಲ್ಲಿ.