ಹೊಲಿಗೆ ಟೀಚರ್ ಜೊತೆ ದಾವಣಗೆರೆಗೆ

ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಟೀಚರ್. ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಯಾರು ಏನೇ ಕಷ್ಟ ಹೇಳಲಿ, "ಏನಾಗಲ್ಲ ಬಿಡ್ರೀ" ಅನ್ನುವರು. ತಿಂಗಳುಗಟ್ಟಲೆ ತಮಗೇ ವಿಪರೀತ ರಕ್ತ ಹೋಗುತ್ತಿದ್ದಾಗಲೂ ಅದನ್ನೇ ಹೇಳಿಕೊಂಡಿದ್ದರು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ತಲೆಸುತ್ತಿ ಹೊಲಿಗೆ ಯಂತ್ರದ ಮೇಲೆ ಬಿದ್ದಾಗ ದಾವಣಗೆರೆ ಆಸ್ಪತ್ರೆಗೆ ಸೇರಿಸಿದರು. ಗರ್ಭಕೋಶದಲ್ಲಿ ಗಡ್ಡೆ ಅಂದ ಕೂಡಲೇ ನಾವೆಲ್ಲ ಕ್ಯಾನ್ಸರ್ ಅಂದುಕೊಂಡೆವು.

ಕ್ಯಾನ್ಸರ್ ಆಗಿರಲಿಲ್ಲ. ಗರ್ಭಕೋಶ ತೆಗೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಟೀಚರ್ ಕೆನ್ನೆಗೆ ಕಳೆ ಬಂದಿತ್ತು.

"ಗರ್ಭಕೋಶ ತೆಗೆಸಿದ್ರೆ ಮುಂದೆ ಮೈಯಾಗೆ ಶಕ್ತಿನೇ ಇರಲ್ವಂತೆ?" ಅವ್ವ ಕೇಳಿದಳು.

"ನಾನೂ ಡಾಕ್ಟ್ರನ್ನ ಅದನ್ನೇ ಕೇಳ್ದೆ ಕಣ್ರೀ. ಅಂಡಾಶಯ ಉಳಿಸಿದೀವಿ, ಆದ್ರೂ ವಯಸ್ಸಾದಂಗೆ ಮೂಳೆ, ಹೃದಯ ತೋರಿಸ್ಕೊಳ್ತಾ ಇರ್ರಿ ಅಂದ್ರು. ಈಗಂತೂ ಮೈ ಹಗುರಾಗೈತೆ."

ಅವ್ವ ಸೆರಗು ಹಿಂಡುತ್ತಾ ಕೂತಿದ್ದಳು. "ಟೀಚರ್, ನಂಗೂ ವರ್ಷದಿಂದ ಹಂಗೇ ರಕ್ತ ಹೋಗ್ತೈತೆ. ತೋರ್ಸಾಕೆ ಭಯ."

ಟೀಚರ್ ಅವಳ ಕೈ ಹಿಡಿದರು. "ನಾಳೆ ಮೊದಲ್ನೇ ಬಸ್ಸಿಗೇ ಹೋಗಾಣ, ನಡೀರಿ."

ದಾವಣಗೆರೆಯ ಡಾಕ್ಟರು ಅವ್ವನದು ಸಣ್ಣ ಗಡ್ಡೆ, ಮಾತ್ರೆ ಸಾಕು ಅಂದರಂತೆ. ಅದೇ ಸಂಜೆ ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು, ಬೀದಿಗೆಲ್ಲ ಕೇಳುವಂತೆ ನಗುತ್ತಾ ಮನೆಗೆ ಬಂದರು.