ಭಾಗ್ಯಮ್ಮನ ಕೆಂಪು ಸಾಲು

೧೯೮೧ರ ಜೂನ್ ಮೊದಲ ವಾರದ ಹೊತ್ತಿಗೆ, ಆದಿಲಕ್ಷ್ಮಮ್ಮ ಮಾರ್ಚಿನಲ್ಲಿ ಬರೆದು ತೂಗುಹಾಕಿದ್ದ ಗೋಡೆಪಟದಲ್ಲಿ ಹನ್ನೊಂದು ಸಾಲು ನೀಲಿಯಾಗಿದ್ದವು, ಒಂದು ಸಾಲು ಕೆಂಪಾಗಿತ್ತು. ಆ ಕೆಂಪು ಸಾಲು ಭಾಗ್ಯಮ್ಮನದು. ಅದನ್ನು ನೋಡಿದಾಗಲೆಲ್ಲ ಆದಿಲಕ್ಷ್ಮಮ್ಮನಿಗೆ ತಲೆನೋವು ಬರುತ್ತಿತ್ತು.

ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿದ್ದ ನಲವತ್ತು ಹಾಸಿಗೆಯ ಧರ್ಮಾಸ್ಪತ್ರೆ ಅದು. ನಾನು ಅಲ್ಲಿ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸಕ್ಕಿದ್ದೆ. ಆದಿಲಕ್ಷ್ಮಮ್ಮ ನರ್ಸಿಂಗ್ ಕಲಿಸುವ ಸಿಸ್ಟರ್. ಅವಲಪಲ್ಲಿಯ ಬೇಸಾಯದ ಮನೆಯವರು, ವಯಸ್ಸು ನಲವತ್ತನಾಲ್ಕು. ಮನೆಯಲ್ಲಿ ಕನ್ನಡ, ಅಕ್ಕಪಕ್ಕದಲ್ಲಿ ತೆಲುಗು, ಓದಿದ್ದು ತಮಿಳಿನಲ್ಲಿ. ಸೇಲಂನಲ್ಲಿ ತರಬೇತಿ ಮುಗಿಸಿ ಬಂದಮೇಲೆ ಇಪ್ಪತ್ತು ವರ್ಷ ಇದೇ ವಾರ್ಡುಗಳಲ್ಲಿ ನಡೆದಿದ್ದರು. ವರ್ಷಕ್ಕೆ ಹನ್ನೆರಡು ಹುಡುಗಿಯರು ಅವರ ಕೈಕೆಳಗೆ ಕಲಿಯುತ್ತಿದ್ದರು, ಹೆಚ್ಚಿನವರು ಹಳ್ಳಿಯವರು.

ಪಟ ಬರೆಯುವ ಯೋಚನೆ ಸಿಟ್ಟಿನಿಂದ ಹುಟ್ಟಿದ್ದು. ಪರೀಕ್ಷೆಯ ಫಲಿತಾಂಶ ನಾಲ್ಕು ತಿಂಗಳು ತಡವಾಗಿ ಬರುತ್ತಿತ್ತು, ಬಂದರೂ ಒಂದೇ ಒಂದು ಅಂಕಿ. "ಐವತ್ತೆಂಟು ಅಂತ ಬಂದಿದೆ. ಐವತ್ತೆಂಟು ಅಂದ್ರೆ ಏನು ಕಲೀಬೇಕು ಹುಡುಗಿ? ಇಂಜೆಕ್ಷನ್ನಾ, ಬ್ಯಾಂಡೇಜಾ?" ಎಂದು ನನ್ನ ಮೇಜಿನ ಮೇಲೆ ಪಟ್ಟಿಯನ್ನು ಬಡಿದಿದ್ದರು. ತಪ್ಪು ಆದ ವಾರವೇ ಅದು ಆ ಹುಡುಗಿಯ ಕಣ್ಣಿಗೆ ಬೀಳಬೇಕು ಎಂಬುದು ಅವರ ಹಟ. ಮೊದಲು ಬಿ.ಪಿ. ನೋಡುವುದರಿಂದ ಶುರುಮಾಡೋಣ ಎಂದರು. ನನ್ನಿಂದ ಗ್ರಾಫ್ ಹಾಳೆಗಳನ್ನು ಇಸಿದುಕೊಂಡು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಅಂಟಿಸಿ, ಒಬ್ಬೊಬ್ಬರಿಗೂ ಒಂದೊಂದು ಸಾಲು ಎಳೆದರು. ವಾರಕ್ಕೆ ಇಬ್ಬರು ರೋಗಿಗಳು. ಮೊದಲು ಆದಿಲಕ್ಷ್ಮಮ್ಮ ರೋಗಿಯ ಬಿ.ಪಿ. ನೋಡಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಆಮೇಲೆ ಹುಡುಗಿ ನೋಡಿ ಚೀಟಿಯಲ್ಲಿ ಬರೆಯುವುದು. ಮೇಲಿನ ಅಂಕಿ ಎರಡರಲ್ಲೂ ಒಂದೇ ಆಗಿದ್ದರೆ ನೀಲಿ ಚುಕ್ಕೆ, ಬೇರೆಯಾಗಿದ್ದರೆ ಕೆಂಪು ಚುಕ್ಕೆ.

ಹದಿಮೂರು ವಾರಕ್ಕೆ ಒಬ್ಬೊಬ್ಬರಿಗೆ ಇಪ್ಪತ್ತಾರು ಚುಕ್ಕೆ ಬಿದ್ದವು. ಕೃಷ್ಣಗಿರಿಯ ಕದಿರಮ್ಮನಿಗೆ ಇಪ್ಪತ್ತಾರೂ ನೀಲಿ. ಉಳಿದವರಿಗೆ ಒಂದೋ ಎರಡೋ ಕೆಂಪು. ಭಾಗ್ಯಮ್ಮನಿಗೆ ಇಪ್ಪತ್ತೊಂದು ಕೆಂಪು.

ಹುಡುಗಿಯರು ಕಲಿಯಲಿ ಎಂದು ಬರೆದ ಪಟವನ್ನು ದೊಡ್ಡ ಡಾಕ್ಟರು ಚೆನ್ನಕೇಶವ ಅವರು ತಮ್ಮ ಕೋಣೆಯ ಮುಂದಿನ ಗೋಡೆಗೆ ವರ್ಗಮಾಡಿಸಿದರು. ಬಂದವರಿಗೆಲ್ಲ ತೋರಿಸತೊಡಗಿದರು. ತಿಂಗಳ ಕೊನೆಗೆ ಮೇಲಿನ ಆಫೀಸಿನವರು ನೋಡಲು ಬರುವವರಿದ್ದರು. ಅರ್ಧಕ್ಕಿಂತ ಹೆಚ್ಚು ಕೆಂಪು ಇದ್ದವರನ್ನು ಆರು ತಿಂಗಳಿಗೇ ಮನೆಗೆ ಕಳಿಸಬೇಕೆಂದು ನಿಯಮವನ್ನೂ ಮಾಡಿದರು. ಆದಿಲಕ್ಷ್ಮಮ್ಮ ಬೇಡ ಎಂದರು. "ನೀವೇ ಬರೆದ ಪಟ ಅಲ್ವೇನಮ್ಮ?" ಎಂದರು ಡಾಕ್ಟರು. ಭಾಗ್ಯಮ್ಮನ ಮನೆಗೆ ಕಾಗದ ಹೋಯಿತು.

ಜೂನ್ ಕೊನೆಯ ಗುರುವಾರ ತಳಿ ಊರಿನ ಮೊದಲ ಬಸ್ಸಿಗೆ ಅವಳ ಅಣ್ಣ ಪಾಪಣ್ಣ ಬಂದಿಳಿದ. ಬೆಟ್ಟದ ಮೇಲೆ ಕೋಸು, ಟೊಮೇಟೊ ಬೆಳೆಯುವವನು. ಗಟ್ಟಿಯಾಗಿ ಮಾತಾಡಿ ಅಭ್ಯಾಸ.

"ನರ್ಸಮ್ಮ, ಕಾಗ್ದ ಬಂತು. ತಮಿಳ್ನಾಗಿತ್ತು, ನಮ್ಮೂರ್ ಮೇಷ್ಟ್ರು ಓದುದ್ರು. ನಮ್ ಹುಡ್ಗಿ ಏನ್ ಕದ್ದವ್ಳೆ?"

"ಏನೂ ಕದ್ದಿಲ್ಲಪ್ಪ. ಬಿ.ಪಿ. ನೋಡೋಕೆ ಬರ್ತಿಲ್ಲ."

"ಬರ್ತಿಲ್ಲ ಅಂದ್ರೆ? ಆರ್ ತಿಂಗ್ಳು ಏನ್ ಕಲ್ಸುದ್ರಿ ಮತ್ತೆ? ನಮ್ ಹೋರಿ ಮೂರ್ ತಿಂಗ್ಳಿಗೆ ನೇಗ್ಲು ಕಲ್ತ್ಕೊತದೆ."

"ಅಣ್ಣ, ಸುಮ್ನಿರು," ಎಂದಳು ಪಕ್ಕದಲ್ಲಿದ್ದ ಭಾಗ್ಯಮ್ಮ. ಅಳುತ್ತಿರಲಿಲ್ಲ. ಎರಡು ದಿನದಿಂದ ಊಟ ಬಿಟ್ಟಿದ್ದಾಳೆಂದು ಅಡುಗೆಯವಳು ಹೇಳಿದ್ದಳು. ಅವರ ಊರಿನಲ್ಲಿ ಹೆರಿಗೆಯೆಂದರೆ ಜೀಪು ಸಿಕ್ಕರೆ ಪುಣ್ಯ. ಇವಳು ಕಲಿತು ಬರುತ್ತಾಳೆಂದು ಊರವರು ಒಂದು ಕೋಣೆಗೆ ಸುಣ್ಣ ಬಳಿದು ಇಟ್ಟಿದ್ದರು.

ಪಾಪಣ್ಣ ಪಟದ ಮುಂದೆ ನಿಂತ. "ಇದ್ಯಾರ್ದು ಕೆಂಪ್ಗಿರೋದು?"

"ಅದೇ ನಿನ್ನ ತಂಗಿದು."

"ಅಂದ್ರೆ ಒಳ್ಳೇದಲ್ವ? ನಮ್ ಟೊಮೇಟೊನಾಗೆ ಕೆಂಪಾದ್ದನ್ನೇ ಮೊದ್ಲು ತಕ್ಕಂಡ್ ಹೋಗೋದು."

ಆದಿಲಕ್ಷ್ಮಮ್ಮ ಭಾಗ್ಯಮ್ಮನ ಕಡೆ ತಿರುಗಿದರು. "ನಾನು ನೂರಿಪ್ಪತ್ತು ಅಂತ ಬರೆದಾಗ ನೀನು ನೂರಿಪ್ಪತ್ತನಾಲ್ಕು ಅಂತ ಯಾಕೆ ಬರೀತೀಯೆ?"

"ನಂಗೆ ಅಷ್ಟೇ ಕೇಳ್ಸಿದ್ದು ಸಿಸ್ಟರ್."

"ಹಾಗಾದ್ರೆ ನಾನು ಸುಳ್ಳು?"

ಆದಿಲಕ್ಷ್ಮಮ್ಮನಿಗೆ ರೇಗಿತು. ಅಣ್ಣನ ಎದುರಿಗೇ ಒಂದು ಸಲ ನೋಡಿಸಿಬಿಡುತ್ತೇನೆ, ಮತ್ತೆ ನನ್ನ ಮೇಲೆ ಹೇಳಬೇಡಿ ಎಂದು ಇಬ್ಬರನ್ನೂ ಹೆಂಗಸರ ವಾರ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಖಾಲಿಯಿದ್ದ ಮಂಚದ ಮೇಲೆ ಪಾಪಣ್ಣನನ್ನೇ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದರು. ಗಾಳಿ ತುಂಬಿ, ಬಿಟ್ಟು, ಪಾದರಸ ಇಳಿಯುವುದನ್ನು ನೋಡಿದರು.

"ನೂರ ಮೂವತ್ತು. ಚೆನ್ನಾಗಿದೆ ಕಣಪ್ಪ, ಏನೂ ಭಯ ಇಲ್ಲ," ಎಂದರು. ಅದು ಅವರ ಅಭ್ಯಾಸ. ರೋಗಿಗೆ ಅಂಕಿ ಹೇಳದೆ ಪಟ್ಟಿ ಬಿಚ್ಚಿದವರಲ್ಲ.

ಅಷ್ಟರಲ್ಲಿ ಪಕ್ಕದ ಮಂಚದ ಮುದುಕಿ ನೀರು ಕೇಳಿದಳೆಂದು ಪರದೆಯ ಆಚೆಗೆ ಹೋದರು. ಹೋಲಿಸಿ ನೋಡಲು ಸಿಸ್ಟರು ಕರೆದಿದ್ದ ಕದಿರಮ್ಮ ಮೊದಲು ಬಂದು ಪಾಪಣ್ಣನ ತೋಳು ಹಿಡಿದಳು.

"ನೂರ್ಮೂವತ್ತಂತೆ ಕಣಮ್ಮ," ಎಂದು ಪಾಪಣ್ಣ ತಾನಾಗಿಯೇ ಹೇಳಿದ. "ಬರ್ಕೋ. ಮತ್ತೆ ಯಾಕ್ ಹಿಂಡ್ತೀಯ?"

"ಸರಿ ಅಣ್ಣ," ಎಂದಳು ಕದಿರಮ್ಮ. ಪರದೆಯ ಸಂದಿಯಿಂದ ಆದಿಲಕ್ಷ್ಮಮ್ಮನಿಗೆ ಕಂಡಿತು: ಗಾಳಿ ತುಂಬುವ ಮೊದಲೇ ಚೀಟಿಯ ಮೇಲೆ ೧೩೦ ಬಿದ್ದಿತ್ತು.

ನೀರು ಕುಡಿಯುತ್ತಿದ್ದ ಮುದುಕಿ ನಕ್ಕಳು. "ನಾನೂ ಹಂಗೇಯ ಸಿಸ್ಟ್ರಮ್ಮ. ನೀವು ಹೇಳಿದ್ ನಂಬ್ರ ಮರೀದಂಗೆ ಇಟ್ಕೊಂಡು ಹುಡ್ಗೀರ್ಗೆ ಹೇಳ್ಕೊಡ್ತೀನಿ. ಪಾಪ, ಕಲಿಯೋ ಮಕ್ಳು."

ಆದಿಲಕ್ಷ್ಮಮ್ಮ ಲೋಟ ಇಸಿದುಕೊಂಡು ಕೆಳಗಿಟ್ಟು ಪರದೆಯ ಸಂದಿಗೇ ಕಣ್ಣಿಟ್ಟರು. ಆಮೇಲೆ ಭಾಗ್ಯಮ್ಮನ ಸರದಿ. ಅವಳು ಗಾಳಿಯನ್ನು ನಿಧಾನವಾಗಿ ಬಿಟ್ಟಳು, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ನೋಡಿದಳು.

"ನೂರ ಮೂವತ್ನಾಕು."

ಪಾಪಣ್ಣ ಎದ್ದೇಬಿಟ್ಟ. "ಏಯ್, ಅಮ್ಮೋರು ನೂರ್ಮೂವತ್ತು ಅಂದವ್ರೆ, ನೀನ್ಯಾಕ್ ಏರುಸ್ತೀಯ? ನಾಕ್ ಬುಟ್ಬುಡು, ಗಂಟೇನ್ ಹೋಗ್ತದೆ!"

"ಸಂತೆ ಅಲ್ಲ ಅಣ್ಣ ಇದು. ಬಿಡೋಕಾಗಲ್ಲ."

"ಸುಮ್ನಿರ್ಲಾ," ಎಂದಳು ಮುದುಕಿ ಪರದೆಯ ಆಚೆಯಿಂದ. "ಅವ್ಳು ಕಿವಿ ಕೊಟ್ಟು ಕೇಳವ್ಳೆ."

ಆದಿಲಕ್ಷ್ಮಮ್ಮ ಬಂದು ಪಟ್ಟಿಯನ್ನು ಮತ್ತೆ ಕಟ್ಟಿದರು. ಈ ಸಲ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿದರು. ಮೊದಲ ಬಡಿತ ನೂರ ಮೂವತ್ತನಾಲ್ಕಕ್ಕೆ ಕೇಳಿತು. ಮನುಷ್ಯನ ರಕ್ತದೊತ್ತಡ ಎರಡು ನಿಮಿಷದಲ್ಲಿ ನಾಲ್ಕು ಏರುವುದೂ ಉಂಟು, ಇಳಿಯುವುದೂ ಉಂಟು. ಆದ್ದರಿಂದ ಇದೊಂದರಿಂದ ಏನೂ ಹೇಳುವಂತಿಲ್ಲ ಎಂದು ಅವರಿಗೆ ಗೊತ್ತಿತ್ತು. ಪಾಪಣ್ಣನಿಗೆ ಹೊರಗೆ ಕೂರಲು ಹೇಳಿ ತಮ್ಮ ನೋಟ್‌ಬುಕ್ಕನ್ನು ನನ್ನ ಕೋಣೆಗೆ ತಂದರು.

"ಕೊನೇ ಅಂಕಿ ಮಾತ್ರ ಎಣಿಸು," ಎಂದರು. ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು.

ಬಿ.ಪಿ. ಪೆಟ್ಟಿಗೆಯ ಗಾಜಿನ ಕೊಳವೆಯ ಮೇಲೆ ಎರಡೆರಡಕ್ಕೆ ಒಂದು ಗೆರೆ ಇರುತ್ತದೆ. ಸೊನ್ನೆ, ಎರಡು, ನಾಲ್ಕು, ಆರು, ಎಂಟು. ಪ್ರಾಮಾಣಿಕವಾಗಿ ನೋಡಿದರೆ ಐದರಲ್ಲಿ ಒಂದು ಸೊನ್ನೆಯಲ್ಲಿ ಮುಗಿಯಬೇಕು, ಹನ್ನೆರಡು ಹುಡುಗಿಯರಿಗೆ ಇಪ್ಪತ್ತಾರರಂತೆ ಬರೆದ ಮುನ್ನೂರ ಹನ್ನೆರಡರಲ್ಲಿ ಸುಮಾರು ಅರವತ್ತೆರಡು. ಆದಿಲಕ್ಷ್ಮಮ್ಮನ ನೋಟ್‌ಬುಕ್ಕಿನಲ್ಲಿ ಮುನ್ನೂರ ಒಂದು ಸೊನ್ನೆಗಳಿದ್ದವು. ಉಳಿದ ಹನ್ನೊಂದು ಐದರಲ್ಲಿ ಮುಗಿದಿದ್ದವು. ಐದಕ್ಕೆ ಆ ಕೊಳವೆಯ ಮೇಲೆ ಗೆರೆಯೇ ಇಲ್ಲ.

ಭಾಗ್ಯಮ್ಮನ ಚೀಟಿಗಳನ್ನು ತೆಗೆದೆವು. ಇಪ್ಪತ್ತಾರರಲ್ಲಿ ಐದು ಸೊನ್ನೆ. ಆ ಐದೇ ಅವಳ ನೀಲಿ ಚುಕ್ಕೆಗಳು. ಉಳಿದವುಗಳಲ್ಲಿ ಸಿಸ್ಟರ ಅಂಕಿಗೂ ಅವಳ ಅಂಕಿಗೂ ಎರಡರಿಂದ ಆರರಷ್ಟು ವ್ಯತ್ಯಾಸ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎಷ್ಟು ತಪ್ಪು ಎಂದು ಪಟ ಕೇಳಿರಲೇ ಇಲ್ಲ. ಎರಡು ತಪ್ಪಿದರೂ ಕೆಂಪು, ಮೂವತ್ತು ತಪ್ಪಿದರೂ ಅದೇ ಕೆಂಪು.

"ಇಪ್ಪತ್ತು ವರ್ಷ," ಎಂದರು ಆದಿಲಕ್ಷ್ಮಮ್ಮ. "ಯಾರೂ ಒಂದು ಮಾತು ಹೇಳಲಿಲ್ಲವಲ್ಲ."

ಅಂದು ಸಂಜೆ ಮನೆಯಲ್ಲಿ ರಾಗಿ ಬೀಸಿದಂತೆ ಗೊಣಗಿದ್ದಾರೆ. ಅವರ ಗಂಡ ಸೊಣ್ಣಪ್ಪ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ತಯಾರಾದ ಭಾಗಗಳ ಅಳತೆ ನೋಡುವ ಕೆಲಸದವರು. ಹೆಂಡತಿಯ ಮಾತನ್ನು ಕೇಳಿ, "ನಮ್ಮಲ್ಲಿ ಟಾಲರೆನ್ಸ್ ಅಂತ ಇಡ್ತಾರೆ ಕಣೆ. ಇಷ್ಟು ಹೆಚ್ಚು, ಇಷ್ಟು ಕಮ್ಮಿ, ಅದ್ರೊಳಗಿದ್ರೆ ಪಾಸು. ಒಬ್ಬ ತಂದಿದ್ದೆಲ್ಲ ಕರೆಕ್ಟ್ ಸೈಜು ಬಂದ್ಬುಟ್ರೆ ಮೊದ್ಲು ಅವನ ಅಳತೆಯ ಗೇಜ್ ಕಿತ್ಕೊಂಡು ನೋಡ್ತೀವಿ," ಎಂದರಂತೆ.

"ಇದನ್ನ ಮಾರ್ಚಿನಲ್ಲಿ ಹೇಳೋಕೇನಾಗಿತ್ತು ನಿಮ್ಗೆ?"

"ನೀನ್ ಕೇಳಿದ್ಯಾ?"

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆಯಲ್ಲಿ ನಡೆದ ಮಾತು ಕಾರಿಡಾರಿನವರೆಗೆ ಕೇಳಿಸಿತು.

"ಹನ್ನೊಂದು ಜನ ಸರಿ, ಒಬ್ಬಳು ತಪ್ಪು ಅಂತ ಬರೆದವರು ನೀವು. ಈಗ ಹನ್ನೊಂದು ಜನ ತಪ್ಪು ಅಂತೀರಾ?"

"ಹನ್ನೆರಡು ಜನ ಸಾರ್. ನನ್ನನ್ನೂ ಸೇರಿಸಿ."

"ಬರೋ ಸೋಮವಾರ ಮೇಲಿನವರು ಬರ್ತಾರಮ್ಮ! ನೀಲಿ ನೀಲಿಯಾಗಿ ಎಷ್ಟು ಚೆನ್ನಾಗಿದೆ, ಇನ್ನೊಂದು ವಾರ ಹಾಗೇ ಇರಲಿ."

"ಅದು ಚೆನ್ನಾಗಿರೋದು ನಾನು ರೋಗಿಗಳಿಗೆ ಉತ್ತರ ಹೇಳ್ಕೊಟ್ಟಿದ್ದಕ್ಕೆ ಸಾರ್. ಅವಳೊಬ್ಬಳು ಯಾರ ಮಾತೂ ಕೇಳದೆ ತನ್ನ ಕಿವಿಗೆ ಕೇಳಿಸಿದ್ದು ಬರೆದಳು. ಹಾಗೇ ಬರೀಬೇಕು ಅಂತ ಮೊದಲ ದಿನ ಪಾಠ ಹೇಳಿದವಳು ನಾನು. ಪಾಠ ಕಲಿತವಳನ್ನೇ ಮನೆಗೆ ಕಳಿಸಿ, ಉಳಿದವರಿಗೆ ಸರ್ಟಿಫಿಕೇಟ್ ಕೊಡಬೇಕಾ?"

ಡಾಕ್ಟರು ಒಂದು ಷರತ್ತು ಹಾಕಿದರು. ಎಲ್ಲರಿಗೂ ಹೊಸದಾಗಿ ಪರೀಕ್ಷೆ, ಹತ್ತು ರೋಗಿಗಳು. ಭಾಗ್ಯಮ್ಮ ಅದರಲ್ಲಿ ನಿಂತರೆ ಇರುತ್ತಾಳೆ. ಇಲ್ಲದಿದ್ದರೆ ಅವಳನ್ನು ಆದಿಲಕ್ಷ್ಮಮ್ಮನೇ ಬಸ್ಸಿಗೆ ಹತ್ತಿಸಬೇಕು.

ಅಲಮಾರಿಯಲ್ಲಿ ಯಾರೂ ಮುಟ್ಟದ ಒಂದು ಸ್ಟೆತಸ್ಕೋಪು ಇತ್ತು, ಎದೆಗಿಡುವ ಬಿಲ್ಲೆ ಒಂದೇ, ಕಿವಿಗೆ ಹಾಕುವ ಕೊಳವೆ ಇಬ್ಬರಿಗೆ. ಅದರಲ್ಲಿ ಇಬ್ಬರೂ ಒಂದೇ ಬಡಿತವನ್ನು ಒಂದೇ ಕ್ಷಣದಲ್ಲಿ ಕೇಳಬಹುದು. ಎರಡು ನಿಮಿಷದ ಏರಿಳಿತದ ನೆಪ ಇರುವುದಿಲ್ಲ. ಗಾಳಿ ಬಿಡುವುದು ಹುಡುಗಿಯ ಕೈ. ಆದಿಲಕ್ಷ್ಮಮ್ಮ ಎರಡರ ಗೆರೆಯವರೆಗೂ ನೋಡಿ, ಬರೆದು, ಹಾಳೆ ಮಡಿಸಿ ನನ್ನ ಕೈಗೆ ಕೊಡುತ್ತಿದ್ದರು. ರೋಗಿಗೆ ಒಂದಕ್ಷರವೂ ಹೇಳುವಂತಿಲ್ಲ.

ಇದು ಎಲ್ಲಕ್ಕಿಂತ ದೊಡ್ಡ ಪೀಡೆಯಾಯಿತು. ಅಂಕಿ ಹೇಳುತ್ತಿಲ್ಲ ಎಂದರೆ ಏನೋ ಕೆಟ್ಟದ್ದು ಮುಚ್ಚಿಡುತ್ತಿದ್ದಾರೆಂದು ವಾರ್ಡಿಗೆ ವಾರ್ಡೇ ತೀರ್ಮಾನಿಸಿತು. ಒಬ್ಬಳು ಅತ್ತಳು. ಇನ್ನೊಬ್ಬಳ ಮನೆಯವರು ಬೆಂಗಳೂರಿಗೆ ಕರೆದುಕೊಂಡು ಹೋಗುವುದಾ ಎಂದು ನನ್ನನ್ನು ಕೇಳಿದರು. ಪಾಪಣ್ಣ ಊರಿಗೆ ಹೋಗದೆ ವರಾಂಡದಲ್ಲೇ ಕುಳಿತು, ಬಂದುಹೋಗುವವರಿಗೆಲ್ಲ, "ಏನೂ ಆಗಿಲ್ಲ ಕಣಮ್ಮ, ಪರೀಕ್ಷೆ ನಿಮ್ಗಲ್ಲ, ಆ ಹುಡ್ಗೀರ್ಗೆ," ಎಂದು ಸಮಾಧಾನ ಹೇಳುತ್ತಿದ್ದ. ಅವನೊಬ್ಬ ಕೆಲಸಕ್ಕೆ ಬಂದ.

ಶನಿವಾರ ಮಡಿಸಿದ ಹಾಳೆಗಳನ್ನು ಡಾಕ್ಟರ ಎದುರಿಗೆ ಬಿಚ್ಚಿದೆವು. ಭಾಗ್ಯಮ್ಮನ ಹತ್ತರಲ್ಲಿ ಒಂಬತ್ತು, ವ್ಯತ್ಯಾಸ ನಾಲ್ಕರೊಳಗೆ. ಒಂದು ಮಾತ್ರ ಎಂಟು. ಕದಿರಮ್ಮನ ಹತ್ತರಲ್ಲಿ ಮೂರು ನಾಲ್ಕರೊಳಗೆ, ಉಳಿದ ಏಳೂ ಹತ್ತರಿಂದ ಹದಿನೆಂಟರಷ್ಟು ಕೆಳಗೆ. ಇಬ್ಬರು ಹುಡುಗಿಯರಿಗೆ ಬಡಿತ ಯಾವುದು, ಕೊಳವೆ ಉಜ್ಜಿದ ಸದ್ದು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಮೂರು ತಿಂಗಳು ಅವರ ಸಾಲೂ ನೀಲಿಯಾಗಿಯೇ ಇತ್ತು.

ಡಾಕ್ಟರು ಭಾಗ್ಯಮ್ಮನ ಹೆಸರಿನ ಮುಂದೆ ಮುಂದುವರಿಯಬಹುದು ಎಂದು ಬರೆದು ಸಹಿ ಹಾಕಿದರು. ಆಮೇಲೆ, "ಸೋಮವಾರ ಗೋಡೆ ಮೇಲೆ ಏನು ತೋರಿಸಲಿ?" ಎಂದರು.

"ಏನೂ ತೋರಿಸಬೇಡಿ ಸಾರ್," ಎಂದು ಆದಿಲಕ್ಷ್ಮಮ್ಮ ಪಟವನ್ನು ಕಿತ್ತು ಸುರುಳಿ ಸುತ್ತಿದರು.

ವಿಷಯ ಕೇಳಿದ ಪಾಪಣ್ಣ ತಂಗಿಯ ತಲೆಗೆ ಒಂದು ಮೊಟಕಿದ. "ಇಷ್ಟೇನಾ? ಇದ್ಕೆ ಎಲ್ಡ್ ದಿನ ನೀರ್ ಕಟ್ಟೋದ್ ಬುಟ್ಟು ಕೂತಿದ್ನಾ ನಾನು? ಊಟ ಮಾಡೋಗು." ಅವಳು ಆಗ ಅತ್ತಳು. ಅವನು ಬಸ್ಸಿಗೆ ಓಡಿದ.

ಹೊಸ ಏರ್ಪಾಡಿನಲ್ಲಿ ಗೋಡೆಪಟವಿರಲಿಲ್ಲ. ಒಬ್ಬೊಬ್ಬಳಿಗೂ ಅವಳದೇ ಒಂದು ಗ್ರಾಫ್ ಹಾಳೆ. ನಡುವೆ ಒಂದು ಗೆರೆ, ಅದರ ಮೇಲೆ ಕೆಳಗೆ ನಾಲ್ಕರಷ್ಟು ಅಗಲದ ಪಟ್ಟಿ, ಹುಡುಗಿ ಎಷ್ಟು ತಪ್ಪಿದಳೋ ಅಷ್ಟೇ ಎತ್ತರಕ್ಕೋ ಆಳಕ್ಕೋ ಒಂದು ಚುಕ್ಕೆ. ಮೊದಲ ಹದಿನೈದು ದಿನ ಹನ್ನೊಂದು ಜನವೂ ಮುಖ ಗಂಟು ಹಾಕಿಕೊಂಡಿದ್ದರು. ಹಾಳೆಯನ್ನು ಪುಸ್ತಕದೊಳಗೆ ಬಚ್ಚಿಟ್ಟರು. ಒಬ್ಬಳು ಕಳೆದುಹೋಯಿತೆಂದಳು. ಕದಿರಮ್ಮ ಆದಿಲಕ್ಷ್ಮಮ್ಮನ ಜೊತೆ ಮಾತು ಬಿಟ್ಟಳು.

ಜುಲೈ ಎರಡನೆಯ ವಾರದ ಒಂದು ಮಧ್ಯಾಹ್ನ ನಾನು ಗ್ರಾಫ್ ಹಾಳೆ ಕೊಡಲು ವಾರ್ಡಿಗೆ ಹೋದಾಗ ಕದಿರಮ್ಮ ತನ್ನ ಹಾಳೆಯನ್ನು ಭಾಗ್ಯಮ್ಮನ ತೊಡೆಯ ಮೇಲೆ ಹರಡಿಕೊಂಡಿದ್ದಳು.

"ನಂದು ಒಂದೂ ಮ್ಯಾಲಕ್ಕೆ ಹೋಗಲ್ವಲ್ಲೆ. ಎಲ್ಲಾ ಕೆಳ್ಗೇ. ಯಾಕೆ?"

"ನೀನು ಗಾಳಿ ಬುಸ್ ಅಂತ ಬಿಟ್ಬುಡ್ತೀಯ. ಮೊದಲ್ನೇ ಬಡಿತ ಕೇಳಿ ಗೆರೆ ನೋಡೋ ಹೊತ್ತಿಗೆ ಪಾದರಸ ಇಳಿದೋಗಿರ್ತದೆ."

"ಎಷ್ಟ್ ನಿಧಾನ ಬಿಡ್ಬೇಕು? ತೋರ್ಸು."

ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮ ನನ್ನ ಕಡೆ ತಿರುಗಿದರು. "ಈ ಒಂದು ಪ್ರಶ್ನೆ ಕೇಳಿಸೋಕೆ ನಾಲ್ಕು ತಿಂಗಳು ಬೇಕಾಯ್ತಲ್ಲ!" ಎಂದರು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. ಭಾಗ್ಯಮ್ಮ ಕದಿರಮ್ಮನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಸ್ಕ್ರೂ ತಿರುಗಿಸುತ್ತಿದ್ದಳು. ಆದಿಲಕ್ಷ್ಮಮ್ಮ ಒಳಗೆ ಹೋಗಲಿಲ್ಲ.